ಮಗುವನ್ನು ದುಭಾಷಿ ಮಾಡಬೇಡಿ, ಮನೆಮಂದಿಯೆಲ್ಲ ಕಲಿಯಿರಿ

ಪರಸ್ಥಳಕ್ಕೆ ಹೋದ ಮನೆಯಲ್ಲಿ ಅಲ್ಲಿನ ಭಾಷೆ ಎಲ್ಲರಿಗಿಂತ ಮೊದಲು ಬರುವುದು ಮಕ್ಕಳಿಗೆ. ಗಡಿನಾಡಿನ ಓದುಗರಿಗೆ ಇದು ಹೊಸ ಮಾತಲ್ಲ. ಶಾಲೆಗೆ ಹೋಗುವ ಹುಡುಗ ಆರೇಳು ತಿಂಗಳಲ್ಲಿ ಬೀದಿಯಲ್ಲಿ ಜಗಳವಾಡುವಷ್ಟು ಕಲಿತಿರುತ್ತಾನೆ. ಅಪ್ಪ ಕೆಲಸದ ಜಾಗದಲ್ಲಿ ಲೆಕ್ಕಕ್ಕೆ, ವ್ಯವಹಾರಕ್ಕೆ ಬೇಕಾದಷ್ಟು ಹಿಡಿದುಕೊಳ್ಳುತ್ತಾನೆ. ಕೊನೆಗೆ ಉಳಿಯುವವಳು ತಾಯಿ. "ಹುಡುಗ ಇದ್ದಾನಲ್ಲ, ಅವನೇ ಹೇಳ್ತಾನೆ ಬಿಡಿ" ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಆ ಹೊತ್ತಿಗೆ ಇದು ಅನುಕೂಲ ಅನ್ನಿಸುತ್ತದೆ. ಆದರೆ ಇದರಿಂದ ಮನೆಗೆ ಆಗುವ ನಷ್ಟ ದೊಡ್ಡದು. ಹೊಸ ನಾಡಿನ ಭಾಷೆಯನ್ನು ಕಲಿಯುವುದಾದರೆ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಕೂಡಿಯೇ ಕಲಿಯಬೇಕು ಎಂಬುದು ಈ ಲೇಖನದ ವಾದ. ಉದಾಹರಣೆಗೆ ಸ್ಪ್ಯಾನಿಷ್ ಭಾಷೆಯನ್ನೇ ತೆಗೆದುಕೊಳ್ಳೋಣ.

ಸ್ಪ್ಯಾನಿಷ್ ಯಾಕೆ ಅಂತ ಕೇಳಬಹುದು. ಇದು ಇಪ್ಪತ್ತು ದೇಶಗಳಲ್ಲಿ ಸರ್ಕಾರದ ಭಾಷೆ. ತಾಯ್ನುಡಿಯಾಗಿ ಆಡುವವರೇ ಸುಮಾರು 50 ಕೋಟಿ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಇದೂ ಒಂದು. ನಮ್ಮವರಿಗೂ ಅದಕ್ಕೂ ಸಂಬಂಧ ಬೆಳೆದಿದೆ. ಟಿಸಿಎಸ್ ಕಂಪನಿ 2002ರಲ್ಲೇ ಉರುಗ್ವೆ ದೇಶದ ಮಾಂಟೆವಿಡಿಯೊದಲ್ಲಿ ಕೇಂದ್ರ ತೆರೆಯಿತು. ಬೆಂಗಳೂರಿನ ಇನ್ಫೋಸಿಸ್ 2007ರಲ್ಲಿ ಮೆಕ್ಸಿಕೊದ ಮಾಂಟೆರೆಗೆ ಹೋಯಿತು. ಎರಡು ವರ್ಷದ ಕೆಲಸಕ್ಕೆಂದು ಹೋದವರು ಸಂಸಾರವನ್ನೂ ಕರೆಸಿಕೊಳ್ಳುತ್ತಾರೆ. ಮುಂದಿನ ಪ್ರಶ್ನೆಗಳೆಲ್ಲ ಆಗ ಹುಟ್ಟುತ್ತವೆ.

ಅಂಗಡಿ ಕಟ್ಟೆಯ ಭಾಷೆ ಸಾಲದು

ಸ್ಪ್ಯಾನಿಷ್ ನಾಡಿನಲ್ಲಿ ನಮ್ಮ ದೇಶದ ಹಳೆಯ ವಸತಿ ಸಿಂಧಿ ವ್ಯಾಪಾರಿಗಳದು. ಆಫ್ರಿಕದ ಪಕ್ಕದಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಿವೆ. 1852ರಲ್ಲಿ ಅಲ್ಲಿನ ಬಂದರುಗಳನ್ನು ಸುಂಕಮುಕ್ತ ಮಾಡಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸಿಂಧ್ ಪ್ರಾಂತ್ಯದ ಹೈದರಾಬಾದಿನ ವ್ಯಾಪಾರಿಗಳು ರೇಷ್ಮೆ ಮತ್ತು ಕರಕುಶಲ ಸಾಮಾನು ಹೊತ್ತು ಅಲ್ಲಿಗೆ ಮುಟ್ಟಿದ್ದರು. ಮೊದಲು ಹೋದವರು ಗಂಡಸರು ಮಾತ್ರ. 1947ರ ದೇಶ ವಿಭಜನೆಯಾಗಿ ಹಿಂದಿರುಗಲು ಊರೇ ಇಲ್ಲದಾದ ಮೇಲೆ ಹಲವರ ಸಂಸಾರಗಳೂ ಹೋಗಿ ನೆಲೆಸಿದವು. ಗಡಿಯಾರ, ರೇಡಿಯೊ, ಕ್ಯಾಮರಾ ಮಾರುವ ಅವರ ಅಂಗಡಿಗಳು ಪ್ರವಾಸಿಗಳಿಗೆಲ್ಲ ಗೊತ್ತು.

ವ್ಯಾಪಾರಿಗೆ ಭಾಷೆ ಕಲಿಸುವುದು ಗಿರಾಕಿ. ಸೊಲ್ಲಾಪುರದ ಪೇಟೆಯಲ್ಲಿ ಚಾದರ ಮಾರುವವನಿಗಾಗಲಿ, ಆದವಾನಿಯ ಹತ್ತಿ ಮಾರುಕಟ್ಟೆಯ ದಲಾಲನಿಗಾಗಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ದರ, ತೂಕ, ಉದ್ರಿ, ವಾಯಿದೆ ಇಷ್ಟಕ್ಕೆ ಬೇಕಾದ ನೂರಿನ್ನೂರು ಮಾತು ತಿಂಗಳೊಪ್ಪತ್ತಿನಲ್ಲಿ ಬಾಯಿಗೆ ಬರುತ್ತವೆ. ಆದರೆ ಡಾಕ್ಟರ ಮುಂದೆ ಹೊಟ್ಟೆನೋವು ಎಲ್ಲಿ, ಎಂಥದ್ದು ಅಂತ ಹೇಳಲು ಆ ಇನ್ನೂರು ಮಾತು ಸಾಲುವುದಿಲ್ಲ. ಬಾಡಿಗೆ ಕರಾರು ಓದಲು ಸಾಲುವುದಿಲ್ಲ. ಶಾಲೆಯ ಮಾಸ್ತರು ಮಗನ ಬಗ್ಗೆ ಬರೆದ ಚೀಟಿ ತಿಳಿಯಲು ಸಾಲುವುದಿಲ್ಲ. ಬದುಕು ನಡೆಯುವುದು ಇಂಥ ಕಡೆಗಳಲ್ಲೇ. ಇಂಥ ಕಡೆಗೆ ಹೋಗಬೇಕಾದಾಗಲೆಲ್ಲ ಮಗುವನ್ನು ಮುಂದೆ ಮಾಡುವುದು ರೂಢಿಯಾಗುತ್ತದೆ.

ಒಂಬತ್ತು ವರ್ಷದ ಹುಡುಗಿಯ ಬಾಯಲ್ಲಿ ತಾಯಿಯ ಗರ್ಭಕೋಶದ ತೊಂದರೆಯನ್ನು ಡಾಕ್ಟರಿಗೆ ಹೇಳಿಸುವುದು ಸರಿಯೇ? ತಾಯಿ ಅರ್ಧ ಹೇಳುತ್ತಾಳೆ, ಅರ್ಧ ನುಂಗುತ್ತಾಳೆ. ಮಗು ಕೇಳಿದ್ದರಲ್ಲಿ ತನಗೆ ತಿಳಿದಷ್ಟನ್ನು ಮಾತ್ರ ದಾಟಿಸುತ್ತದೆ. ಡಾಕ್ಟರು ಹೇಳಿದ ಕೆಟ್ಟ ಸುದ್ದಿಯನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ಎಂಬ ಭಾರವೂ ಆ ಮಗುವಿನ ತಲೆಗೇ. ಇನ್ನೊಂದು ಮಗ್ಗುಲೂ ಇದೆ. ಶಾಲೆಯಿಂದ ದೂರು ಬಂದಾಗ, ದೂರಿಗೆ ಗುರಿಯಾದ ಹುಡುಗನೇ ದುಭಾಷಿ! ಅವನು ಏನು ಹೇಳಿಯಾನು, ಏನು ಬಿಟ್ಟಾನು ಅಂತ ಬಿಡಿಸಿ ಹೇಳಬೇಕೆ?

ಹುಡುಗ ಪಟಪಟ ಮಾತಾಡ್ತಾನೆ ಎಂದಮಾತ್ರಕ್ಕೆ ಅವನಿಗೆ ಭಾಷೆ ಪೂರ್ತಿ ಬಂತು ಅನ್ನಲಾಗದು. ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1980ರ ಸುಮಾರಿಗೆ ಇದನ್ನು ಬಿಡಿಸಿ ತೋರಿಸಿದರು. ಹೊಸ ಭಾಷೆಯಲ್ಲಿ ಗೆಳೆಯರೊಂದಿಗೆ ಹರಟುವಷ್ಟು ಕಲಿಯಲು ಮಗುವಿಗೆ ಒಂದೆರಡು ವರ್ಷ ಸಾಕು. ಪಾಠದ ಪುಸ್ತಕದ ಭಾಷೆಯಲ್ಲಿ ಸಹಪಾಠಿಗಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಹಾಗಿರುವಾಗ ವಕೀಲರ ಕಾಗದ, ಆಸ್ಪತ್ರೆಯ ವರದಿ ಅವನಿಗೆ ಹೇಗೆ ತಿಳಿಯಬೇಕು?

ಒಂದು ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನಡೆದ ಪ್ರಕರಣ ಸಾಕ್ಷಿ. ಅಲ್ಲಿ ಪರಭಾಷೆ ಇಂಗ್ಲಿಷು, ಮನೆಮಾತು ಸ್ಪ್ಯಾನಿಷ್. 18 ವರ್ಷದ ಹುಡುಗ ಪ್ರಜ್ಞೆತಪ್ಪಿ ಬಿದ್ದಾಗ ಕ್ಯೂಬಾ ಮೂಲದ ಮನೆಯವರು 'ಇಂತೊಕ್ಸಿಕಾದೊ' ಅಂದರು. ತಿಂದದ್ದು ಕುಡಿದದ್ದು ಏನೋ ಒಗ್ಗಿಲ್ಲ ಎಂಬುದು ಅವರ ಅರ್ಥ. ಆಸ್ಪತ್ರೆಯವರು ಅದನ್ನು ಮಾದಕ ವಸ್ತು ಸೇವಿಸಿದ್ದಾನೆ ಅಂತ ತಿಳಿದರು. ನಿಜವಾಗಿ ಆಗಿದ್ದು ಮಿದುಳಿನ ರಕ್ತಸ್ರಾವ. ಅದು ಗೊತ್ತಾಗುವಷ್ಟರಲ್ಲಿ ತಡವಾಗಿ ಹುಡುಗನ ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋಯಿತು. ಮುಂದೆ ಕೋಟಿಗಟ್ಟಲೆ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಆದರೆ ಹೋದ ಕೈಕಾಲು ಬರಲಿಲ್ಲ.

ನಮಗೆ ಎಷ್ಟು ಹತ್ತಿರ, ಎಷ್ಟು ದೂರ

"ಈ ವಯಸ್ಸಿಗೆ ನಮಗೆಲ್ಲಿ ಬರ್ತದೆ?" ಅಂತ ಹಿರಿಯರು ಕೈಚೆಲ್ಲುವುದುಂಟು. ಸ್ಪ್ಯಾನಿಷ್ ಮಟ್ಟಿಗೆ ಕನ್ನಡದವರು, ಅದರಲ್ಲೂ ಗಡಿಯ ಕನ್ನಡದವರು, ಹಾಗನ್ನಬೇಕಾದ ಕಾರಣವಿಲ್ಲ.

ಸ್ಪ್ಯಾನಿಷಿನಲ್ಲಿ ಬರೆದಂತೆಯೇ ಬಹುಮಟ್ಟಿಗೆ ಓದುತ್ತಾರೆ. ಇಂಗ್ಲಿಷಿನ ಹಾಗೆ ಒಂದು ಬರೆದು ಇನ್ನೊಂದು ಓದುವ ಕಾಟವಿಲ್ಲ. ಸ್ವರಗಳು ಅ, ಎ, ಇ, ಒ, ಉ ಈ ಐದೇ. ಅವರ ತ, ದ ನಮ್ಮ ತ, ದಗಳಂತೆಯೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಹೊಸ ಶಬ್ದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡು ಉರುಹೊಡೆಯಲು ಅಡ್ಡಿಯಿಲ್ಲ. 'ಪೆರೊ' ಅಂದರೆ ಆದರೆ, 'ಪೆಱ್ಱೊ' ಅಂದರೆ ನಾಯಿ. ಎರಡನೆಯದರಲ್ಲಿ ನಾಲಿಗೆ ಜೋರಾಗಿ ಅದುರಬೇಕು. ಹಳಗನ್ನಡದಲ್ಲಿದ್ದು ನಮ್ಮ ಬಾಯಿಂದ ಹೋದ ಶಕಟರೇಫದ ನೆನಪಾಗುತ್ತದೆ. ಮಲೆಯಾಳ ಕೇಳಿ ಬೆಳೆದ ಕಾಸರಗೋಡಿನವರಿಗೆ ಎರಡು ಬಗೆಯ ರಕಾರ ಹೊಸದಲ್ಲ.

ವಾಕ್ಯದ ಕಟ್ಟು ನೋಡಿ. 'ನನಗೆ ಕಾಫಿ ಇಷ್ಟ' ಎಂಬುದಕ್ಕೆ 'ಮೆ ಗುಸ್ತಾ ಎಲ್ ಕಫೆ'. 'ಮೆ' ಅಂದರೆ ನನಗೆ. 'ನನಗೆ ತಲೆ ನೋಯ್ತದೆ' ಎಂಬುದಕ್ಕೆ 'ಮೆ ದುಯೆಲೆ ಲಾ ಕಬೇಥಾ'. ಮೆಕ್ಸಿಕೊದಲ್ಲಿ ಇದೇ 'ಕಬೇಸಾ'. ಇಂಗ್ಲಿಷರು ತಡವರಿಸುವ ಈ 'ನನಗೆ' ನಮಗೆ ಹುಟ್ಟಿನಿಂದ ಬಂದದ್ದು. 'ಬರ್ತೀನಿ' ಅಂದರೆ ಸಾಕು, ನಾನು ಅಂತ ಬೇರೆ ಹೇಳಬೇಕಿಲ್ಲ. ಅಲ್ಲೂ ಹಾಗೆಯೇ, 'ಆಬ್ಲೊ' ಅಂದರೆ ಮಾತಾಡ್ತೀನಿ, 'ಆಬ್ಲಾಸ್' ಅಂದರೆ ಮಾತಾಡ್ತೀಯ. ಇನ್ನು ನೀನು, ನೀವು ಎಂಬ ಮರ್ಯಾದೆ. ಅಲ್ಲಿ 'ತು' ಮತ್ತು 'ಉಸ್ತೆದ್'. ಯಾರಿಗೆ ಯಾವುದು ಎಂಬ ಅಳುಕು ನಮಗೆ ಮೊದಲೇ ಇರುವುದರಿಂದ ತಪ್ಪು ಕಡಿಮೆ.

ಕಷ್ಟವೂ ಇದೆ. ಪ್ರತಿ ನಾಮಪದಕ್ಕೂ ಗಂಡು ಹೆಣ್ಣು ಅಂತ ಲಿಂಗವುಂಟು. ಮೇಜು ಹೆಣ್ಣು, ಪುಸ್ತಕ ಗಂಡು, ಕೈ ಹೆಣ್ಣು! ಅಕ್ಕಲಕೋಟೆ, ಜತ್ತಿನವರು ಮರಾಠಿಯಲ್ಲಿ ತೊ, ತೀ, ತೇ ಅಂತ ಮೂರನ್ನು ನಿಭಾಯಿಸಿದವರು. ಅವರಿಗೆ ಎರಡು ಯಾವ ಲೆಕ್ಕ? 'ಆಗಿರು' ಎಂಬುದಕ್ಕೂ 'ಇರು' ಎಂಬುದಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ಮಲೆಯಾಳದ 'ಆಣ್' ಮತ್ತು 'ಉಂಡ್' ಬಲ್ಲವರು ಸುಮಾರಾಗಿ ಊಹಿಸಬಹುದು. ಹಸಿವು, ವಯಸ್ಸು ಮಾತ್ರ ನಮ್ಮಂತಲ್ಲ. 'ನನಗೆ ಹಸಿವಾಗಿದೆ' ಅನ್ನದೆ 'ಹಸಿವು ಇಟ್ಟುಕೊಂಡಿದ್ದೇನೆ' ಅನ್ನಬೇಕು, 'ಮೂವತ್ತು ವರ್ಷ ಇಟ್ಟುಕೊಂಡಿದ್ದೇನೆ' ಅನ್ನಬೇಕು.

ಇಂಗ್ಲಿಷ್ ನಂಬಿ ಹೋದವರಿಗೆ ಬೇರೆ ಗುಂಡಿಗಳಿವೆ. 'ಎಂಬರಥಾದಾ' ಅಂದರೆ ಮುಜುಗರವಾಯಿತು ಅಂತಲ್ಲ, ಗರ್ಭಿಣಿ ಅಂತ. ಸ್ಪೇನಿನಲ್ಲಿ 'ಕೊನ್ಸ್ತಿಪಾದೊ' ಅಂದರೆ ಮಲಬದ್ಧತೆಯಲ್ಲ, ನೆಗಡಿ. ಔಷಧದ ಅಂಗಡಿಯಲ್ಲಿ ಈ ವ್ಯತ್ಯಾಸ ಗೊತ್ತಿರುವುದು ಒಳ್ಳೆಯದು.

ಕೆಲವು ಶಬ್ದಗಳು ನಮ್ಮ ಕಡೆಯಿಂದಲೇ ಹೋದವು. ಅವರ 'ಅಥೂಕರ್' ನಮ್ಮ ಸಕ್ಕರೆಯ ಬಳಗ. ಸಂಸ್ಕೃತದ ಶರ್ಕರ ಅರಬ್ಬರ ಬಾಯಿಂದ ಅಲ್ಲಿಗೆ ಮುಟ್ಟಿತು. ಕಿತ್ತಳೆಗೆ ಅವರು ಹೇಳುವ 'ನರಾಂಹಾ' ಕೂಡ ನಾರಂಗದಿಂದ ಹೀಗೆಯೇ ದಾರಿ ಸವೆಸಿದ್ದು.

ಒಂದು ಊರು, ಎರಡು ಭಾಷೆ

ಸ್ಪ್ಯಾನಿಷ್ ಕಲಿತುಕೊಂಡು ಬಾರ್ಸಿಲೋನಕ್ಕೆ ಇಳಿದವರಿಗೆ ಮೊದಲ ವಾರವೇ ಒಂದು ಆಶ್ಚರ್ಯ. ಮಗು ಶಾಲೆಯಿಂದ ತರುವ ಚೀಟಿ ಸ್ಪ್ಯಾನಿಷಿನಲ್ಲಿ ಇರುವುದಿಲ್ಲ, ಕತಲಾನ್ ಭಾಷೆಯಲ್ಲಿರುತ್ತದೆ. ಫ್ರಾಂಕೊ ಆಳ್ವಿಕೆಯಲ್ಲಿ, ಅಂದರೆ 1939ರಿಂದ 1975ರವರೆಗೆ, ಶಾಲೆಯಿಂದಲೂ ಕಚೇರಿಯಿಂದಲೂ ಹೊರಗಿಟ್ಟಿದ್ದ ಭಾಷೆ ಅದು. 1978ರ ಸಂವಿಧಾನ ಇಡೀ ದೇಶಕ್ಕೆ ಸ್ಪ್ಯಾನಿಷನ್ನು ಆಡಳಿತ ಭಾಷೆ ಮಾಡಿ, ಆಯಾ ಪ್ರಾಂತ್ಯದಲ್ಲಿ ಅಲ್ಲಿನ ಭಾಷೆಗೂ ಜೊತೆಸ್ಥಾನ ಕೊಟ್ಟಿತು. 1983ರ ಕಾನೂನಿನ ನಂತರ ಕತಲೂನ್ಯದ ಶಾಲೆಗಳಲ್ಲಿ ಕತಲಾನ್ ಮುಖ್ಯವಾಗಿ ಪಾಠದ ಭಾಷೆಯಾಯಿತು. ಅದರ ಮೇಲೆ ಕೋರ್ಟು ಕಚೇರಿಯೂ ನಡೆದಿದೆ.

ವೆಲೆನ್ಸಿಯದಲ್ಲಿ ರೈತರ ನೀರಿನ ನ್ಯಾಯಾಲಯವೊಂದಿದೆ. ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಇಗರ್ಜಿಯ ಬಾಗಿಲಲ್ಲಿ ಕೂತು, ಕಾಲುವೆ ನೀರಿನ ತಂಟೆಗಳನ್ನು ವಕೀಲರಿಲ್ಲದೆ ಬಾಯಿಮಾತಲ್ಲೇ ತೀರಿಸುತ್ತಾರೆ. 2009ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ನಡೆಯುವ ಮಾತು ಕೂಡ ಸ್ಥಳೀಯ ವೆಲೆನ್ಸಿಯನ್ ಭಾಷೆ.

ಇದನ್ನು ಓದುವಾಗ ನಮಗೆ ನಮ್ಮದೇ ಕಾಣುತ್ತದೆ. ಉತಾರ ಮರಾಠಿಯಲ್ಲಿ, ಆಧಾರ ಮಲೆಯಾಳದಲ್ಲಿ, ಪಟ್ಟಾ ತಮಿಳಿನಲ್ಲಿ, ಮನೆಮಾತು ಕನ್ನಡ. ದೇಶದ ಭಾಷೆ ಬೇರೆ, ಊರಿನ ಭಾಷೆ ಬೇರೆ, ಒಲೆಯ ಮುಂದಿನ ಭಾಷೆ ಬೇರೆ ಆಗಿರುವುದು ಗಡಿಯವರಿಗೆ ದಿನದ ಬದುಕು. ಒಂದು ಕಲಿತರೆ ಇನ್ನೊಂದು ಹೋಗ್ತದೆ ಎಂಬ ಭಯ ನಮಗೆ ಇರಬೇಕಾಗಿಲ್ಲ.

ಕೂಡಿ ಕಲಿಯುವುದು ಹೇಗೆ

ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಯವರಿಗೆ ಸ್ಪ್ಯಾನಿಷ್ ಕಲಿಸಲು 600ರಿಂದ 750 ತಾಸಿನ ತರಗತಿಯ ಲೆಕ್ಕ ಹಾಕುತ್ತದೆ. ದಿನಕ್ಕೆ ಒಂದು ತಾಸಿನಂತೆ ಎರಡು ವರ್ಷ. ದುಡಿಯುವ ಮನೆಗೆ ಇದು ಹೆಚ್ಚೆನಿಸಬಹುದು. ಆದರೆ ಕೂಡಿ ಕಲಿಯುವವರಿಗೆ ಊಟದ ಹೊತ್ತೇ ತರಗತಿ.

ಸಂಜೆಯ ಚಹಾದ ಅರ್ಧ ತಾಸು ಎಲ್ಲರೂ ಸ್ಪ್ಯಾನಿಷಿನಲ್ಲೇ ಮಾತಾಡಬೇಕು ಅಂತ ಕಟ್ಟುಮಾಡಿಕೊಳ್ಳಿ. ತಪ್ಪಿಗೆ ನಗಬಹುದು, ಹಂಗಿಸಬಾರದು. ಅಡುಗೆಮನೆಯ ಡಬ್ಬಿಗಳ ಮೇಲೆ ಹೆಸರಿನ ಚೀಟಿ ಅಂಟಿಸಿ. ಶಾಲೆಯ ಚೀಟಿಯನ್ನು ತಾಯಿಯೇ ನಿಘಂಟು ಹಿಡಿದು ಮೊದಲು ಓದಲಿ, ಆಮೇಲೆ ಮಗು ತಿದ್ದಲಿ. ಮನೆಯೊಳಗೆ ಮಗು ಮೇಷ್ಟ್ರಾದರೆ ಅದಕ್ಕೂ ಹೆಮ್ಮೆ. ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಮಾತ್ರ ದೊಡ್ಡವರೇ ಬಾಯಿಬಿಡಬೇಕು.

ಅಂಗಡಿಗೆ ತಾಯಿಯೇ ಹೋಗಲಿ. ಸ್ಪೇನಿನ ಅಂಗಡಿ, ದವಾಖಾನೆಗಳಲ್ಲಿ ಒಳಗೆ ಬಂದವರು 'ಕಿಯೆನ್ ಎಸ್ ಎಲ್ ಉಲ್ತಿಮೊ?' ಅಂತ ಕೇಳುವ ಪದ್ಧತಿಯಿದೆ. ಸರದಿಯಲ್ಲಿ ಕೊನೆಯವರು ಯಾರು ಅಂತ ಅರ್ಥ. ಇಷ್ಟು ಕೇಳಿದವಳು ಸರದಿಯಲ್ಲಿ ಸೇರಿದಳು. ಅಕ್ಕಪಕ್ಕದವರು ಮುಂದಿನ ಮಾತು ತಾವೇ ಆರಂಭಿಸುತ್ತಾರೆ. ತುರ್ತು ಕರೆಯ ಸಂಖ್ಯೆ ಸ್ಪೇನಿನಲ್ಲಿ 112, ಮೆಕ್ಸಿಕೊದಲ್ಲಿ 911. ಅದಕ್ಕೆ ಫೋನು ಮಾಡಿ ಮನೆಯ ವಿಳಾಸ ಹೇಳುವಷ್ಟು ಮನೆಯ ಪ್ರತಿಯೊಬ್ಬರಿಗೂ ಬಾಯಿಪಾಠವಿರಬೇಕು.

ಹೊರಗೂ ದಾರಿಗಳಿವೆ. ಸ್ಪೇನಿನಲ್ಲಿ ಸರ್ಕಾರವೇ ನಡೆಸುವ ಭಾಷಾ ಶಾಲೆಗಳಿವೆ. ಮೊದಲನೆಯದು 1911ರಲ್ಲಿ ಮ್ಯಾಡ್ರಿಡ್‌ನಲ್ಲಿ ಆರಂಭವಾಯಿತು. ವಯಸ್ಕರ ಶಾಲೆಗಳಲ್ಲೂ ಹೊರಗಿನಿಂದ ಬಂದವರಿಗೆ ಪಾಠವುಂಟು. ಹೊರಡುವ ಮೊದಲೇ ಕಲಿಯುವವರಿಗೆ ಸ್ಪೇನ್ ಸರ್ಕಾರದ ಸರ್ವಾಂಟೆಸ್ ಸಂಸ್ಥೆ 2009ರಿಂದ ದೆಹಲಿಯಲ್ಲಿದೆ.

"ಎರಡೇ ವರ್ಷ ಇರೋರು, ಯಾಕೆ ಈ ತಲೆನೋವು?" ಅನ್ನುವವರಿದ್ದಾರೆ. ಎರಡು ವರ್ಷ ಅಂತ ಹೋದವರು ಹತ್ತು ವರ್ಷ ನಿಂತ ಉದಾಹರಣೆ ಊರೂರಿನಲ್ಲಿ ಸಿಗುತ್ತದೆ. ನಿಂತವರಿಗೆ ಮುಂದಿನ ಹೊಸ್ತಿಲೂ ಭಾಷೆಯದೇ. ಸ್ಪೇನಿನ ಪೌರತ್ವ ಬೇಕಾದರೆ ಲ್ಯಾಟಿನ್ ಅಮೆರಿಕದವರಿಗೆ ಎರಡು ವರ್ಷದ ವಾಸ ಸಾಕು, ಭಾರತೀಯರಿಗೆ ಹತ್ತು ವರ್ಷ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲದ್ದರಿಂದ ನಮ್ಮ ಪಾಸ್‌ಪೋರ್ಟನ್ನೂ ಬಿಡಬೇಕು. ಅದು ಅವರವರ ವಿಚಾರ. 2015ರ ಕಾನೂನಿನ ಪ್ರಕಾರ ಅರ್ಜಿದಾರರು ಭಾಷಾ ಪರೀಕ್ಷೆಯಲ್ಲಿ ಆರು ಮೆಟ್ಟಿಲುಗಳ ಪೈಕಿ ಎರಡನೆಯದನ್ನಾದರೂ ಹತ್ತಿರಬೇಕು. ದೇಶದ ಸಂವಿಧಾನ, ಸಂಸ್ಕೃತಿಯ ಬಗ್ಗೆ 25 ಪ್ರಶ್ನೆಗಳಲ್ಲಿ 15ಕ್ಕೆ ಸರಿ ಉತ್ತರ ಕೊಡಬೇಕು. ಹದಿನೆಂಟು ತುಂಬದವರಿಗೆ ಈ ಪರೀಕ್ಷೆಗಳಿಲ್ಲ. ಅಂದರೆ ಪರೀಕ್ಷೆ ಇರುವುದೇ ಅಪ್ಪ ಅಮ್ಮನಿಗೆ! ಅಲ್ಲಿ ಮಗುವನ್ನು ಕಳಿಸಿ ಪಾಸಾಗಲು ಬರೋದಿಲ್ಲ.

ಮನೆಮಾತಿನ ಗತಿ

ಇಷ್ಟೆಲ್ಲ ಹೇಳಿದ ಮೇಲೆ ಕನ್ನಡದ ಗತಿಯೇನು ಎಂಬ ಪ್ರಶ್ನೆ ಬರುತ್ತದೆ. ತಾಯಿಯೂ ಸ್ಪ್ಯಾನಿಷ್ ಕಲಿತುಬಿಟ್ಟರೆ ಮನೆಯಲ್ಲಿ ಕನ್ನಡ ಆಡುವವರು ಯಾರು? ಅವಳಿಗೆ ಬಾರದೆ ಇರುವುದೇ ಕನ್ನಡಕ್ಕೆ ಕಾವಲಲ್ಲವೇ? ಕೆಲವರು ಹಾಗೆ ವಾದಿಸುತ್ತಾರೆ. ಈ ವಾದ ಮೇಲ್ನೋಟಕ್ಕೆ ಸರಿ ಕಾಣುತ್ತದೆ, ಫಲ ಮಾತ್ರ ವಿರುದ್ಧ.

ಅಮ್ಮನಿಗೆ ಬೇರೆ ಏನೂ ಬರೋದಿಲ್ಲ ಎಂಬ ಕಾರಣಕ್ಕೆ ಮನೆಯಲ್ಲಿ ಕನ್ನಡ ನಡೆದರೆ, ಕನ್ನಡ ಅಂದರೆ ಏನೂ ಬಾರದವರ ಭಾಷೆ ಅಂತ ಮಗು ತಿಳಿಯುತ್ತದೆ. ಬಸ್ಸಿನಲ್ಲಿ ಅಮ್ಮ ಮಾತಾಡಿಸಿದರೆ ಮುಖ ಆಚೆ ತಿರುಗಿಸುತ್ತದೆ. ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಸ್ಪ್ಯಾನಿಷಿನಲ್ಲಿ ಉತ್ತರ ಕೊಡಲು ಶುರುಮಾಡುತ್ತದೆ. ಆಗ ತಾಯಿಗೆ ಮಗನ ಮಾತು ತಿಳಿಯದು, ಮಗನಿಗೆ ತಾಯಿಯ ಮಾತು ಬೇಡ. ಒಂದೇ ಸೂರಿನ ಕೆಳಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಅದೇ ತಾಯಿ ಡಾಕ್ಟರ ಹತ್ತಿರ, ಶಾಲೆಯಲ್ಲಿ, ಸಂತೆಯಲ್ಲಿ ತಪ್ಪೋ ಒಪ್ಪೋ ಸ್ಪ್ಯಾನಿಷಿನಲ್ಲೇ ತನ್ನ ಕೆಲಸ ಮಾಡಿಕೊಂಡು, ಮನೆಗೆ ಬಂದು ಬೇಕೆಂದೇ ಕನ್ನಡ ಆಡಿದರೆ ಮಗು ಬೇರೆಯೇ ಪಾಠ ಕಲಿಯುತ್ತದೆ. ಎರಡೂ ಬಂದವಳು ಮನೆಗೆ ಕನ್ನಡವನ್ನು ಆರಿಸಿಕೊಂಡಿದ್ದಾಳೆ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಸಂಜೆ ಚಹಾಕ್ಕೆ ಸ್ಪ್ಯಾನಿಷ್ ಇಟ್ಟ ಹಾಗೆಯೇ ರಾತ್ರಿಯ ಊಟಕ್ಕೆ, ಕತೆಗೆ ಕನ್ನಡ ಅಂತ ಇಟ್ಟುಕೊಳ್ಳಿ. ಮಗುವಿಗೆ ಕನ್ನಡ ಅಕ್ಷರವನ್ನೂ ಕಲಿಸಿ. ಸ್ಪ್ಯಾನಿಷ್ ಶಬ್ದಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವ ಅಪ್ಪ ಅಮ್ಮನ ಪಟ್ಟಿಯಲ್ಲೇ ಆ ಅಕ್ಷರಾಭ್ಯಾಸ ಆಗಲಿ.

ಬೀದರಿನ ಆಚೆ, ರಾಯದುರ್ಗದ ಸುತ್ತ, ತಾಳವಾಡಿಯ ಹಳ್ಳಿಗಳಲ್ಲಿ ಕನ್ನಡ ಉಳಿದದ್ದು ಅಲ್ಲಿನ ಜನ ತೆಲುಗು ತಮಿಳು ಕಲಿಯದೆ ಕೂತದ್ದರಿಂದಲ್ಲ. ಅದನ್ನೂ ಕಲಿತರು, ವ್ಯವಹಾರ ಮಾಡಿದರು, ಮನೆಗೆ ಬಂದು ಕನ್ನಡ ಆಡಿದರು. ಈ ವಿದ್ಯೆಗೆ ಪದವಿ ಪತ್ರ ಇಲ್ಲದಿರಬಹುದು. ಆದರೆ ಮ್ಯಾಡ್ರಿಡ್‌ಗೋ ಮಾಂಟೆರೆಗೋ ಹೊರಟು ನಿಂತ ಮಗಳಿಗೆ, ಅಳಿಯನಿಗೆ ಗಡಿಯ ಹಿರಿಯರು ಕೊಡಬಹುದಾದ ಬುದ್ಧಿಮಾತು ಇದೇ: ಹೋದ ಊರಿನ ಭಾಷೆ ಮನೆಮಂದಿಯೆಲ್ಲ ಕಲಿಯಿರಿ, ಕೂಸನ್ನು ಮುಂದೆ ಮಾಡಿ ನೀವು ಹಿಂದೆ ನಿಲ್ಲಬೇಡಿ, ಮನೆಯೊಳಗೆ ಕನ್ನಡ ಬಿಡಬೇಡಿ.